ಹತ್ತು ಮಕ್ಕಳಿಗೊಬ್ಬ ಮೇಷ್ಟ್ರು, ಹನ್ನೊಂದು ಮಕ್ಕಳಿಗೊಂದು ಟೀಮು

ಗಡಿಯಾಚೆಯ ಕನ್ನಡ ಶಾಲೆ ಅಂದ ಕೂಡಲೇ ಪುಸ್ತಕ ಬಂದಿಲ್ಲ, ಮೇಷ್ಟ್ರಿಲ್ಲ, ಮಕ್ಕಳಿಲ್ಲ ಎಂಬ ಮಾತೇ ಮೊದಲು ಬರುತ್ತದೆ. ನಾವೂ ಅದನ್ನೇ ಹೇಳಿಕೊಂಡು ಬಂದವರು. ಈ ಸಲ ಫುಟ್ಬಾಲ್ ವಿಷಯ ಬರೆಯೋಣ ಅನ್ನಿಸಿತು. ಚರಿತ್ರೆ ಬರೆಯುವ ಜಾಗದಲ್ಲಿ ಫುಟ್ಬಾಲ್ ಎಲ್ಲಿಂದ ಬಂತು ಮೇಷ್ಟ್ರೇ ಅಂತ ಕೇಳಬೇಡಿ. ಶಾಲೆ ಸೊರಗುತ್ತಿದೆ ಅನ್ನುವುದು ಆಫೀಸಿನ ಫೈಲಿಗೆ ತಿಳಿಯುವ ಮೊದಲೇ ಆಟದ ಬಯಲಿಗೆ ತಿಳಿದಿರುತ್ತದೆ. ಕಬಡ್ಡಿಗೆ ಏಳು ಜನ ಸಾಕು, ವಾಲಿಬಾಲಿಗೆ ಆರು, ಖೋ-ಖೋಗೆ ಒಂಬತ್ತು. ಫುಟ್ಬಾಲಿಗೆ ಹನ್ನೊಂದು ಬೇಕು. (ಕ್ರಿಕೆಟ್ಟಿಗೂ ಹನ್ನೊಂದೇ. ಆದರೆ ಕ್ರಿಕೆಟ್ಟನ್ನು ಇಬ್ಬರು ಹುಡುಗರು ಒಂದು ಗೋಡೆ ಇಟ್ಟುಕೊಂಡೂ ಆಡುತ್ತಾರೆ!) ಹಾಗಾಗಿ ಮಕ್ಕಳು ಕಡಿಮೆಯಾದಾಗ ಮೊದಲು ಹೋಗುವುದು ಫುಟ್ಬಾಲ್ ಟೀಮು. ಹಿಂದೂಪುರ, ಮಡಕಶಿರದಿಂದ ಹಿಡಿದು ಕಲ್ಯಾಣದುರ್ಗ, ರಾಯದುರ್ಗದವರೆಗೆ ಗಡಿಗುಂಟ ಕೆಲಸ ಮಾಡುವ ಮೇಷ್ಟ್ರುಗಳಿಗೆಲ್ಲ ಇದು ಗೊತ್ತಿರುವ ಸಂಗತಿ.

ಗೊತ್ತಿಲ್ಲದವರಿಗಾಗಿ ನಮ್ಮ ಸೀಮೆಯ ಕತೆ ಸ್ವಲ್ಪ ಹೇಳಬೇಕು. ನಮ್ಮ ಹಳ್ಳಿಗಳು ಇದ್ದಲ್ಲೇ ಇದ್ದವು, ಜಿಲ್ಲೆ ರಾಜ್ಯಗಳು ಬದಲಾದವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. ಆಗ ಎರಡೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದದ್ದರಿಂದ ಯಾರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಅವತ್ತು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ತಕರಾರನ್ನು ನ್ಯಾಯಮೂರ್ತಿ ಮಿಶ್ರಾ ಅವರು ವಿಚಾರಿಸಿ, ಅದು ಮೈಸೂರಿಗೆ ಸೇರಿತು. 1955ರಲ್ಲಿ ಫಜಲ್ ಅಲಿ ಆಯೋಗ ಬಳ್ಳಾರಿಯನ್ನೂ ಆಂಧ್ರಕ್ಕೇ ಕೊಡಿ ಅಂದಿತ್ತು, ಸದ್ಯ ಅದು ನಡೆಯಲಿಲ್ಲ. ಹೀಗೆ ರಾಯದುರ್ಗದವರು 1953ರಲ್ಲಿ ಗಡಿನಾಡಿನವರಾದರು. ಮಡಕಶಿರದವರು ಅದಕ್ಕೂ ಮುಂಚಿನಿಂದಲೇ ಅನಂತಪುರ ಜಿಲ್ಲೆಯಲ್ಲಿದ್ದವರು. ಭೂಪಟ ತೆಗೆದು ನೋಡಿ, ಮಡಕಶಿರ ಕರ್ನಾಟಕದೊಳಗೆ ಚಾಚಿದ ಒಂದು ಬೆರಳಿನ ಹಾಗೆ ಕಾಣುತ್ತದೆ. ಅದರ ಪಕ್ಕದಲ್ಲೇ ಪಾವಗಡ, ಬಹುಪಾಲು ಆಂಧ್ರದಿಂದ ಸುತ್ತುವರಿದು ಕೂತಿದೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡ ಈ ಕಡೆಯ ಮಂಡಲಗಳಲ್ಲಿ ಮನೆ ಮಾತು ಕನ್ನಡ, ಆಫೀಸಿನ ಮಾತು ತೆಲುಗು.

2022ರ ಏಪ್ರಿಲ್ 4ರಂದು ಇನ್ನೊಂದು ಸಲ ಗೆರೆ ಎಳೆದರು. ಹಿಂದೂಪುರ, ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಕಲ್ಯಾಣದುರ್ಗ, ರಾಯದುರ್ಗ ಅನಂತಪುರದಲ್ಲೇ ಉಳಿದವು. ಒಂದೇ ಜಿಲ್ಲೆಯಲ್ಲಿದ್ದ ಕನ್ನಡ ಶಾಲೆಗಳು ಎರಡು ಜಿಲ್ಲೆಗೆ ಹಂಚಿಹೋದವು. ಮೊದಲೇ ಕಡಿಮೆ, ಅದರಲ್ಲೂ ಎರಡು ಪಾಲು!

ಇನ್ನು ಸಂಖ್ಯೆಯ ವಿಷಯಕ್ಕೆ ಬರೋಣ. ನಮ್ಮಂಥ ಶಾಲೆಗಳ ಹಣೆಬರಹವನ್ನು ಬರೆದದ್ದು ಭಾಷೆಗಿಂತ ಹೆಚ್ಚಾಗಿ ಸಂಖ್ಯೆಗಳೇ. 1949ರ ಆಗಸ್ಟ್‌ನಲ್ಲಿ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ನಿರ್ಣಯ ಮಾಡಿತು. ಒಂದು ಪ್ರಾಥಮಿಕ ಶಾಲೆಯಲ್ಲಿ ಬೇರೆ ಮಾತೃಭಾಷೆಯ ಮಕ್ಕಳು ಒಟ್ಟು 40 ಇದ್ದರೆ, ಅಥವಾ ಒಂದು ತರಗತಿಯಲ್ಲಿ 10 ಇದ್ದರೆ, ಆ ಭಾಷೆಯಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರನ್ನು ಕೊಡಬೇಕು ಎಂದು. 1956ರಲ್ಲಿ ಸಂವಿಧಾನಕ್ಕೆ ಏಳನೆಯ ತಿದ್ದುಪಡಿಯಾಗಿ 350ಎ ವಿಧಿ ಬಂದಾಗ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡುವುದು ರಾಜ್ಯಗಳ ಹೊಣೆಯಾಯಿತು. ಹೈಸ್ಕೂಲಿಗೆ ದಕ್ಷಿಣ ವಲಯದ ರಾಜ್ಯಗಳು ಕೂಡಿ ಇನ್ನೊಂದು ಲೆಕ್ಕ ಹಾಕಿದವು, ತರಗತಿಗೆ 15ರಂತೆ ಕೊನೆಯ ನಾಲ್ಕು ತರಗತಿಗೆ 60 ಮಕ್ಕಳು.

ಈ ಸಂಖ್ಯೆಗಳನ್ನು ಫುಟ್ಬಾಲಿನ ಪಕ್ಕ ಇಟ್ಟು ನೋಡಿ. 60 ಮಕ್ಕಳಲ್ಲಿ ಅರ್ಧ ಹುಡುಗರು ಅಂದರೂ 30. ಅದರಲ್ಲಿ ಇಬ್ಬರು ಮೂವರು ಓಡಲಾರದವರು, ನಾಲ್ಕೈದು ಜನ ಶಾಲೆ ಬಿಟ್ಟ ಕೂಡಲೇ ಕುರಿ ಹೊಡೆದುಕೊಂಡು ಹೋಗುವವರು. ಅವರನ್ನೆಲ್ಲ ಬಿಟ್ಟರೂ ಹನ್ನೊಂದು ಜನರ ಒಂದು ಟೀಮು, ಜೊತೆಗೆ ನಾಲ್ಕೈದು ಬದಲಿ ಆಟಗಾರರು ಸಿಗುತ್ತಾರೆ. ಅಂದರೆ ಆ ಕಾಲದಲ್ಲಿ ಲೆಕ್ಕ ಹಾಕಿದ ಅತಿ ಚಿಕ್ಕ ಕನ್ನಡ ಹೈಸ್ಕೂಲು ಕೂಡ ಒಂದು ಫುಟ್ಬಾಲ್ ಟೀಮನ್ನು ಹೊರಡಿಸಬಲ್ಲ ಶಾಲೆಯಾಗಿತ್ತು. ಅದಕ್ಕಿಂತ ಕೆಳಗಿಳಿದರೆ ಎರಡೂ ಒಟ್ಟಿಗೆ ಅಲುಗಾಡುತ್ತವೆ.

ಈ ಹನ್ನೊಂದು ಎಲ್ಲಿಂದ ಬಂತು? 1863ರಲ್ಲಿ ಇಂಗ್ಲೆಂಡಿನಲ್ಲಿ ಫುಟ್ಬಾಲ್ ಸಂಘ ಕಟ್ಟಿ ನಿಯಮ ಬರೆದಾಗ ಎಷ್ಟು ಜನ ಆಡಬೇಕು ಅಂತಲೇ ಬರೆದಿರಲಿಲ್ಲ. 1871ರಲ್ಲಿ ಶುರುವಾದ ಎಫ್.ಎ. ಕಪ್ಪಿನ ನಿಯಮದಲ್ಲಿ ತಂಡಕ್ಕೆ ಹನ್ನೊಂದು ಎಂದು ಬಂತು. ಯಾಕೆ ಹನ್ನೊಂದು ಅನ್ನುವುದಕ್ಕೆ ಒಂದು ಕತೆ ಚಾಲ್ತಿಯಲ್ಲಿದೆ. ಅಲ್ಲಿನ ವಸತಿ ಶಾಲೆಗಳ ಒಂದೊಂದು ಮಲಗುವ ಕೋಣೆಯಲ್ಲಿ ಹತ್ತು ಹುಡುಗರು, ಅವರನ್ನು ನೋಡಿಕೊಳ್ಳಲು ಒಬ್ಬ ಮೇಷ್ಟ್ರು, ಒಟ್ಟು ಹನ್ನೊಂದು ಅಂತೆ. ಕಟ್ಟುಕತೆಯೇ ಇರಬಹುದು. ಆದರೆ ಹತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಅನ್ನುವ ಲೆಕ್ಕ ಕೇಳಿ ನಮ್ಮಂಥವರು ನಗದೆ ಇರುವುದು ಹೇಗೆ?

ನಮ್ಮ ದೇಶಕ್ಕೆ ಈ ಆಟ ದಂಡಿನವರ ಜೊತೆ ಬಂತು. 1888ರಲ್ಲಿ ಶಿಮ್ಲಾದಲ್ಲಿ ಡ್ಯೂರಾಂಡ್ ಕಪ್, 1891ರಲ್ಲಿ ಬೊಂಬಾಯಿಯಲ್ಲಿ ರೋವರ್ಸ್ ಕಪ್. ಮೊದಮೊದಲು ಎಲ್ಲ ಗೋರಾ ಪಲ್ಟನ್ನಿನವರದೇ ಆಟ. 1911ರ ಜುಲೈ 29ರಂದು ಮೋಹನ್ ಬಾಗಾನ್ ತಂಡದವರು, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ್ದು ಎಲ್ಲರಿಗೂ ಗೊತ್ತು. ಕನ್ನಡ ನಾಡಿನ ಪಾಲು ಅಷ್ಟು ಪ್ರಸಿದ್ಧವಾಗಿಲ್ಲ. ಬೆಂಗಳೂರು ದಂಡಿನ ಗಲ್ಲಿಗಳಿಂದ ಬಂದ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದಿತು, ಮರುವರ್ಷವೂ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿದೆ. ಕೊನೆಯದು 1968-69ರದ್ದು. ಆಮೇಲೆ ಕರ್ನಾಟಕ ಎಂಬ ಹೆಸರಿನಲ್ಲಿ ಗೆಲ್ಲಲು 2023ರವರೆಗೆ ಕಾಯಬೇಕಾಯಿತು. ನಮ್ಮ ಆಂಧ್ರಪ್ರದೇಶ 1965-66ರಲ್ಲಿ ಒಮ್ಮೆ ಗೆದ್ದಿತ್ತು. "ನಮ್ಮ" ಅಂತ ಎರಡೂ ಕಡೆ ಹೇಳಿಕೊಳ್ಳುವುದು ಗಡಿನಾಡಿನವರ ಸುಖ!

ಆದರೆ ಮೇಷ್ಟ್ರುಗಳಾಗಿ ನಾವು ನೆನೆಯಬೇಕಾದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. 2024ರಲ್ಲಿ ಅವರ ಮೇಲೆ ಹಿಂದಿ ಸಿನಿಮಾ ಬಂದ ಮೇಲೆ ಬಹಳ ಜನಕ್ಕೆ ಹೆಸರು ಗೊತ್ತಾಯಿತು. ಅವರು ಬಿ.ಎ. ಓದಿ ಶಾಲಾ ಮೇಷ್ಟ್ರಾಗಿದ್ದವರು. ಆಮೇಲೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡರು. ಅವರ ಕೈಯಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ರೋವರ್ಸ್ ಕಪ್ ಗೆದ್ದಿತು. ಭಾರತ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ತಂದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಹುಡುಗರ ದುರ್ಬಲ ಕಾಲು ಗಟ್ಟಿಯಾಗಲಿ ಎಂದು ಆ ಕಾಲಿನಿಂದ ಮಾತ್ರ ಒದೆಯುವ ಪಂದ್ಯಗಳನ್ನು ಅವರು ಇಡುತ್ತಿದ್ದರಂತೆ. ಇದು ಮೇಷ್ಟ್ರ ಬುದ್ಧಿ. ಎಡಗೈಯಲ್ಲಿ ಬರೆಯುವ ಮಗುವಿಗೆ ಏಟು ಕೊಡುತ್ತಿದ್ದ ಕಾಲದಲ್ಲಿ ಒಬ್ಬ ಮೇಷ್ಟ್ರು ಎಡಗಾಲಿಗೆ ಬಹುಮಾನ ಕೊಡುತ್ತಿದ್ದರು ಅನ್ನುವುದೇ ಸಂತೋಷ. 1963ರ ಜೂನಿನಲ್ಲಿ ಕ್ಯಾನ್ಸರಿನಿಂದ ತೀರಿಹೋದರು.

ಶಾಲೆಗಳಿಗೆ ಆಟ ಇಳಿದದ್ದು ಡ್ರಿಲ್ ಮೇಷ್ಟ್ರುಗಳ ಮೂಲಕ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ತೆರೆದರು. ಅಲ್ಲಿ ತಯಾರಾದವರು ಮದ್ರಾಸ್ ಪ್ರಾಂತ್ಯದ ಹೈಸ್ಕೂಲುಗಳಿಗೆ ಬಂದರು. ಸ್ವಾತಂತ್ರ್ಯ ಬಂದ ಮೇಲೆ 1954ರಲ್ಲಿ ಶಾಲಾ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟವಾಯಿತು. 1960ರಲ್ಲಿ ಶಾಲೆಗಳಿಗಾಗಿಯೇ ಸುಬ್ರೊತೊ ಕಪ್ ಶುರುವಾಯಿತು. ವಾಯುಪಡೆಯ ಮುಖ್ಯಸ್ಥರಾಗಿದ್ದ ಸುಬ್ರೊತೊ ಮುಖರ್ಜಿಯವರ ಹೆಸರಿನದು. ಇದರಲ್ಲಿ ಆಡುವುದು ಶಾಲೆಯ ತಂಡ. ಹತ್ತು ಊರಿನ ಹುಡುಗರನ್ನು ಆಯ್ದು ಮಾಡಿದ ತಂಡಕ್ಕೆ ಇಲ್ಲಿ ಜಾಗವಿಲ್ಲ. ಅಂದರೆ ಒಂದು ಶಾಲೆಯ ಒಳಗೇ ಹನ್ನೊಂದು ಜನ ಒಂದೇ ವಯಸ್ಸಿನ ಮಿತಿಯಲ್ಲಿ ಸಿಗಬೇಕು.

ಆಂಧ್ರದಲ್ಲಿ 1985ರಲ್ಲಿ ಎನ್.ಟಿ. ರಾಮರಾಯರು ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದರು. (ಅದೇ ವರ್ಷ ಅವರು ನಮ್ಮ ಹಿಂದೂಪುರದಿಂದ ಶಾಸಕರಾದದ್ದು.) ಶಾಲಾ ಆಟಗಳ ಮೊದಲ ಮೆಟ್ಟಿಲೂ ಮಂಡಲವೇ ಆಯಿತು. ದೊಡ್ಡ ತಾಲ್ಲೂಕಿನಲ್ಲಿ ಫುಟ್ಬಾಲಿಗೆ ಎಂಟು ಹತ್ತು ಟೀಮು ಬರಬಹುದು. ಚಿಕ್ಕ ಮಂಡಲದಲ್ಲಿ ಇರುವುದೇ ನಾಲ್ಕೈದು ಹೈಸ್ಕೂಲು. ಅದರಲ್ಲಿ ಎರಡು ಶಾಲೆ ಟೀಮು ತರದಿದ್ದರೆ ಮೊದಲ ಪಂದ್ಯವೇ ಫೈನಲ್.

ಮಕ್ಕಳು ಎಲ್ಲಿಗೆ ಹೋದರು? ಒಂದೇ ಕಾರಣ ಹುಡುಕುವುದು ತಪ್ಪು. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ. ಕಡಲೆಕಾಯಿ ಕೈಕೊಟ್ಟ ವರ್ಷ ಗಂಡಹೆಂಡಿರಿಬ್ಬರೂ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹಿಂದೂಪುರದಿಂದ ಬೆಂಗಳೂರು ನೂರು ಕಿಲೋಮೀಟರು, ರೈಲಿದೆ. ಮಗು ಅಜ್ಜಿಯ ಹತ್ತಿರ ಉಳಿದರೆ ನಮ್ಮ ಶಾಲೆಗೆ ಬರುತ್ತದೆ, ಜೊತೆಗೆ ಹೋದರೆ ಇಲ್ಲ. ಚುರುಕಾದ ಮಕ್ಕಳು ಐದನೆಯ ತರಗತಿ ಮುಗಿಸಿ ಪರೀಕ್ಷೆ ಬರೆದು ಲೇಪಾಕ್ಷಿಯ ನವೋದಯಕ್ಕೋ ಗುರುಕುಲಕ್ಕೋ ಹೋಗುತ್ತಾರೆ. ಅವರಿಗೆ ಒಳ್ಳೆಯದಾಗಲಿ, ನಾವೇ ಅರ್ಜಿ ತುಂಬಿ ಕಳಿಸಿದವರು. ಇನ್ನು ಇಂಗ್ಲಿಷ್ ಮೀಡಿಯಂ ಬಸ್ಸು. ಊರ ಬಾಗಿಲಿಗೇ ಬರುತ್ತದೆ. 2020ರಲ್ಲಿ ಶುರುವಾದ ಅಮ್ಮ ಒಡಿ ಯೋಜನೆಯ ಹಣ ಖಾಸಗಿ ಶಾಲೆಯ ಮಕ್ಕಳ ತಾಯಂದಿರಿಗೂ ಸಿಕ್ಕಿತು. ಹೀಗಾಗಿ ಸರಕಾರಿ ಶಾಲೆಯಲ್ಲೇ ಇರಬೇಕೆಂಬ ಒತ್ತಾಯ ಅದರಿಂದ ಏನೂ ಹುಟ್ಟಲಿಲ್ಲ.

ಸರಕಾರಿ ಶಾಲೆಯೊಳಗೂ ಸುಮ್ಮನೆ ಬಿಡಲಿಲ್ಲ. 2019ರ ನವೆಂಬರಿನಲ್ಲಿ ಒಂದರಿಂದ ಆರನೆಯ ತರಗತಿಯವರೆಗೆ ಎಲ್ಲವೂ ಇಂಗ್ಲಿಷ್ ಮಾಧ್ಯಮ ಎಂದು ಆದೇಶ ಬಂತು. 2020ರ ಏಪ್ರಿಲ್ 15ರಂದು ಹೈಕೋರ್ಟು ಅದನ್ನು ರದ್ದು ಮಾಡಿತು. ಅಷ್ಟರಲ್ಲಿ ತಂದೆತಾಯಿಯರ ಮನಸ್ಸಿನಲ್ಲಿ ಕನ್ನಡ ಮೀಡಿಯಂ ಮುಚ್ಚುತ್ತಾರಂತೆ ಎಂಬ ಮಾತು ಕೂತುಬಿಟ್ಟಿತ್ತು. ಕೋರ್ಟಿನ ತೀರ್ಪು ಮನೆಮನೆಗೆ ಬರುವುದಿಲ್ಲ, ವದಂತಿ ಬರುತ್ತದೆ. 2022ರ ಜೂನಿನಲ್ಲಿ 117ನೇ ಜಿ.ಒ. ಬಂದು, ಒಂದು ಕಿಲೋಮೀಟರಿನೊಳಗಿದ್ದ ಪ್ರಾಥಮಿಕ ಶಾಲೆಗಳ ಮೂರು, ನಾಲ್ಕು, ಐದನೆಯ ತರಗತಿಗಳನ್ನು ಹೈಸ್ಕೂಲಿಗೆ ಸೇರಿಸಿದರು. 2025ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆ ನಡುವೆ ಹೈಸ್ಕೂಲಿನ ಬಯಲಿನಲ್ಲಿ ಮಕ್ಕಳು ಹೆಚ್ಚಾದ ಹಾಗೆ ಕಂಡದ್ದು ನಿಜ. ಆದರೆ ಮೂರನೆಯ ತರಗತಿಯ ಮಗುವನ್ನು 14 ವರ್ಷದೊಳಗಿನವರ ಟೀಮಿನಲ್ಲಿ ನಿಲ್ಲಿಸಲು ಆಗುತ್ತದೆಯೇ? ಎದುರಿನವನು ಒದ್ದ ಚೆಂಡಿನ ಜೊತೆ ಮಗುವೂ ಹೋಗುತ್ತದೆ.

ನಾವು ಒಂದು ವರ್ಷ ಎಂಟು ಹುಡುಗರನ್ನು ಕರೆದುಕೊಂಡು ಮಂಡಲ ಮಟ್ಟದ ಆಟಕ್ಕೆ ಹೋಗಿದ್ದೆವು. ನಿಯಮದಲ್ಲಿ ಒಂದು ತಂಡದಲ್ಲಿ ಏಳು ಜನಕ್ಕಿಂತ ಕಡಿಮೆ ಇದ್ದರೆ ಮಾತ್ರ ಆಟ ನಡೆಯುವುದಿಲ್ಲ. ಎಂಟು ಇದ್ದರೆ ಆಡಬಹುದು. ರೆಫ್ರಿಯಾಗಿದ್ದ ಪಿ.ಇ.ಟಿ. ಸಾರ್ ನಮ್ಮನ್ನೂ ಹುಡುಗರನ್ನೂ ಒಮ್ಮೆ ನೋಡಿ, "ಆಡಿಸ್ತೀರಾ ಸಾರ್?" ಅಂದರು. ಹುಡುಗರೇ "ಆಡ್ತೀವಿ ಸಾರ್" ಅಂದರು. ಒಬ್ಬನಿಗೆ ಮುಳ್ಳು ಚುಚ್ಚಿ ಕೂತಾಗ ಏಳಾಯಿತು. ಇನ್ನೊಬ್ಬ ಕೂತರೆ ಪಂದ್ಯ ಮುಗಿದಂತೆ ಅಂತ ಅವರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಕೂರಲಿಲ್ಲ. ಒಂಬತ್ತು ಗೋಲು ತಿಂದು ಬಂದೆವು. ಬಸ್ಸಿನಲ್ಲಿ ಅವರ ಚರ್ಚೆಯೆಲ್ಲ ಒಂದೇ, ಹೋದ ವರ್ಷ ಟಿ.ಸಿ. ತಗೊಂಡು ಹೋದ ಮೂವರು ಇದ್ದಿದ್ದರೆ ಎಷ್ಟು ಗೋಲು ತಪ್ಪುತ್ತಿತ್ತು ಅನ್ನುವುದು.

ಮುಳ್ಳಿನ ಮಾತು ಬಂತಲ್ಲ, ಬಯಲಿನ ಕತೆಯನ್ನೂ ಹೇಳಿಬಿಡುತ್ತೇವೆ. ಫುಟ್ಬಾಲ್ ಮೈದಾನ ಅತಿ ಚಿಕ್ಕದೆಂದರೂ 90 ಮೀಟರ್ ಉದ್ದ, 45 ಮೀಟರ್ ಅಗಲ ಇರಬೇಕು. ಗುಣಿಸಿದರೆ 4,050 ಚದರ ಮೀಟರ್, ಅಂದರೆ ಹೆಚ್ಚೂಕಡಿಮೆ ಸರಿಯಾಗಿ ಒಂದು ಎಕರೆ! ನಮ್ಮ ರೈತರ ಲೆಕ್ಕಕ್ಕೂ ಇಂಗ್ಲೆಂಡಿನವರ ಆಟಕ್ಕೂ ಎಂಥ ಹೊಂದಿಕೆ. ಹಳೆಯ ಹೈಸ್ಕೂಲುಗಳಿಗೆ ಊರಿನ ದಾನಿಗಳು ಎರಡು ಮೂರು ಎಕರೆ ಕೊಟ್ಟಿದ್ದುಂಟು, ಜಾಗಕ್ಕೆ ಕೊರತೆಯಿಲ್ಲ. ಕೊರತೆ ಕಾಲುಗಳದ್ದು. ಎರಡು ಮಳೆಗಾಲ ಯಾರೂ ಆಡದಿದ್ದರೆ ಸಾಕು, ಬಳ್ಳಾರಿ ಜಾಲಿ ಎದ್ದು ನಿಲ್ಲುತ್ತದೆ. ಅದರ ಮುಳ್ಳು ಒಣಗಿ ಬಿದ್ದ ಮೇಲೆ ಕಡಿದು ಹಾಕಿದರೂ ಚೆಂಡು ಉಳಿಯುವುದಿಲ್ಲ. ಜಲಂಧರದ ಹೊಸ ಚೆಂಡು ಒಂದೇ ಸಂಜೆಗೆ ಉಸಿರು ಬಿಟ್ಟದ್ದನ್ನು ನೋಡಿದ್ದೇವೆ. ಸೈಕಲ್ ಶಾಪಿನವನು ಬ್ಲ್ಯಾಡರಿಗೆ ಪ್ಯಾಚ್ ಹಾಕಿಕೊಡುತ್ತಿದ್ದ ಕಾಲ ಹೋಯಿತು, ಈಗ ಆ ಶಾಪೂ ಇಲ್ಲ.

ಬಯಲು ನೋಡಿಕೊಳ್ಳುವ ಮೇಷ್ಟ್ರಿಗೂ ಸಂಖ್ಯೆ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತ ಇದೆ. ಆದರೆ ಆರರಿಂದ ಎಂಟನೆಯ ತರಗತಿಗಳಲ್ಲಿ ಮಕ್ಕಳು ನೂರು ದಾಟಿದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರು. ನೂರರ ಕೆಳಗಿನ ಶಾಲೆಗೆ ಮೈದಾನ ಉಂಟು, ಆಡಿಸುವವರು ಇರಲೇಬೇಕೆಂದಿಲ್ಲ. ಕನ್ನಡ ಮೇಷ್ಟ್ರೋ ಸಮಾಜದ ಮೇಷ್ಟ್ರೋ ಸೀಟಿ ಹಿಡಿಯುತ್ತಾರೆ.

ಇದೇ ಕಷ್ಟ ಬೇರೆಯವರಿಗೂ ಬಂದಿತ್ತು. ಅಮೆರಿಕದ ಫುಟ್ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದಕ್ಕೂ ಹನ್ನೊಂದೇ ಜನ. 1934ರಲ್ಲಿ, ಅಲ್ಲಿ ಬರ, ಬಡತನ ಎರಡೂ ಇದ್ದ ಹೊತ್ತಿನಲ್ಲಿ, ನೆಬ್ರಾಸ್ಕಾದ ಚೆಸ್ಟರ್ ಎಂಬ ಹಳ್ಳಿಯ ಹೈಸ್ಕೂಲ್ ಮೇಷ್ಟ್ರು ಸ್ಟೀಫನ್ ಎಪ್ಲರ್ ಆರು ಜನರ ಫುಟ್ಬಾಲನ್ನು ರೂಪಿಸಿದರು. ಚಿಕ್ಕ ಶಾಲೆಗಳು ಅದನ್ನು ಇವತ್ತಿಗೂ ಆಡುತ್ತಿವೆ. ಅದಕ್ಕೂ ಮೊದಲು 1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊದ ವೈ.ಎಂ.ಸಿ.ಎ.ಯಲ್ಲಿ ಹುವಾನ್ ಕಾರ್ಲೊಸ್ ಸೆರಿಯಾನಿ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು ಐದು ಜನರ ಆಟ ಕಟ್ಟಿದರು. ಈಗ ಫುಟ್ಸಾಲ್ ಎಂದು ಲೋಕವೆಲ್ಲ ಆಡುವುದು ಅದನ್ನೇ. ಜಪಾನಿನಲ್ಲಿ ಹುಡುಗರು ಸಾಲದ ಹೈಸ್ಕೂಲುಗಳು ಕೂಡಿ ಬೇಸ್‌ಬಾಲಿಗೆ ಜಂಟಿ ತಂಡ ಕಳಿಸಲು ಅಲ್ಲಿನ ಒಕ್ಕೂಟ ಒಪ್ಪಿದೆ. ಅಷ್ಟು ದೂರ ಯಾಕೆ, ನಮ್ಮ ಹಾಗೆಯೇ ಗಡಿಯಾಚೆ ಇರುವ ಕಾಸರಗೋಡಿನ ಕನ್ನಡಿಗರನ್ನು ಕೇಳಿ. ಮಲಬಾರಿನ 'ಸೆವೆನ್ಸ್' ಏಳು ಜನರ ಆಟ. ಕೊಯ್ಲಾದ ಗದ್ದೆ ಸಾಕು, ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ.

ಒಂದು ವಿಷಯ ಮಾತ್ರ ನಮ್ಮ ಲೆಕ್ಕವನ್ನು ತಲೆಕೆಳಗು ಮಾಡಿದೆ. ಮಗನನ್ನು ದುಡ್ಡು ಕೊಟ್ಟು ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿಸುವ ತಂದೆ ಮಗಳನ್ನು ನಮ್ಮ ಶಾಲೆಯಲ್ಲೇ ಬಿಡುತ್ತಾನೆ. ಇದು ಒಳ್ಳೆಯದಲ್ಲ, ಅನ್ಯಾಯವೇ. ಆದರೆ ಇದರಿಂದಾಗಿ ಹುಡುಗರ ಟೀಮು ಕಟ್ಟಲಾಗದ ಶಾಲೆಯಲ್ಲಿ ಹುಡುಗಿಯರ ಟೀಮು ಕಟ್ಟಬಹುದು. ಸುಬ್ರೊತೊ ಕಪ್ಪಿನಲ್ಲಿ ಈಗ 17 ವರ್ಷದೊಳಗಿನ ಹುಡುಗಿಯರ ವಿಭಾಗವೂ ಇದೆ. ಅನಂತಪುರದಲ್ಲಿ ಆರ್.ಡಿ.ಟಿ.ಯವರ ಕ್ರೀಡಾಗ್ರಾಮವಿದೆ. 1969ರಲ್ಲಿ ವಿನ್ಸೆಂಟ್ ಫೆರರ್ ಕಟ್ಟಿದ ಸಂಸ್ಥೆ ಅದು. ಅವರು 2009ರಲ್ಲಿ ತೀರಿಹೋದ ಮರುವರ್ಷ ಟೆನಿಸ್ ಆಟಗಾರ ರಫೆಲ್ ನಡಾಲ್ ಬಂದು ಅಲ್ಲಿ ಮಕ್ಕಳಿಗೆ ಟೆನಿಸ್ ಶಾಲೆ ತೆರೆದದ್ದು ನೆನಪಿರಬಹುದು. ಫುಟ್ಬಾಲಿಗೆ ಸ್ಪೇನಿನ ಲಾ ಲೀಗಾದವರೂ ಕೈಜೋಡಿಸಿದ್ದಾರೆ. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಬೂಟು ಹಾಕಿಕೊಂಡು ಆಡುವುದನ್ನು ನೋಡಿ ಬಂದ ಮೇಲೆ ನಮ್ಮ ಹುಡುಗಿಯರೂ ಕೇಳುತ್ತಿದ್ದಾರೆ. ಮನೆಯವರ ತಕರಾರು ಚಡ್ಡಿಯದ್ದು. ಟ್ರ್ಯಾಕ್ ಪ್ಯಾಂಟಿನಲ್ಲಿ ಆಡಿಸುತ್ತೇವೆ ಅಂದ ಮೇಲೆ ಅರ್ಧ ಜನ ಒಪ್ಪಿದ್ದಾರೆ.

ಹುಡುಗರಿಗಾಗಿ ಪಕ್ಕದ ಎರಡು ಊರಿನ ಮೇಷ್ಟ್ರುಗಳ ಜೊತೆ ಕೂತು ಒಂದು ಅರ್ಜಿ ತಯಾರು ಮಾಡಿದ್ದೇವೆ. ಮಂಡಲ ಮಟ್ಟದಲ್ಲಿ ಏಳು ಜನರ ಆಟವನ್ನಾದರೂ ಇಡಿ, ಇಲ್ಲವೇ ಎರಡು ಶಾಲೆಯ ಜಂಟಿ ಟೀಮಿಗೆ ಒಪ್ಪಿಗೆ ಕೊಡಿ ಅಂತ. ಫುಟ್ಬಾಲಿನ ನಿಯಮಗಳಲ್ಲೇ ಮಕ್ಕಳ ಆಟಕ್ಕೆ ಮೈದಾನ, ಚೆಂಡು, ಅವಧಿ ಕಿರಿದು ಮಾಡಿಕೊಳ್ಳಲು ಅವಕಾಶವಿದೆ ಎಂದೂ ಸೇರಿಸಿದ್ದೇವೆ. ಎಂಟ್ರಿ ಫಾರಮ್ಮಿನಲ್ಲಿ ಶಾಲೆಯ ಹೆಸರಿಗೆ ಇರುವುದು ಒಂದೇ ಗೆರೆ, ಎರಡು ಹೆಸರು ಹೇಗೆ ಬರೆಯುವುದು ಎಂಬ ಪ್ರಶ್ನೆ ಈಗಲೇ ಬಂದಿದೆ. ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇವೆ. ತೆಲುಗಿಗೆ ಮಾಡಿಕೊಡಲು ಪಕ್ಕದೂರಿನ ತೆಲುಗು ಪಂಡಿತರು ಒಪ್ಪಿದ್ದಾರೆ, ಅವರ ಶಾಲೆಯಲ್ಲೂ ಈ ವರ್ಷ ಒಂಬತ್ತೇ ಜನ.